ಹತ್ತಡಿ ಖೋಲಿಯಲ್ಲಿ ಹದಿನೆಂಟು ಮಂದಿ

ಪ್ರಶ್ನೆ: ನಮ್ಮ ಅಜ್ಜ ನಿಪ್ಪಾಣಿ ಕಡೆಯ ಹಳ್ಳಿಯಿಂದ ಮುಂಬಯಿಗೆ ಹೋಗಿ ಲಾಲ್‌ಬಾಗಿನ ಬಟ್ಟೆ ಗಿರಣಿಯೊಂದರಲ್ಲಿ ದುಡಿದವರು. ‘ಹತ್ತಡಿ ಖೋಲಿಯೊಳಗ ಹದಿನೆಂಟ ಮಂದಿ ಇರ್ತಿದ್ವಿ’ ಎಂದು ಹೇಳುತ್ತಿದ್ದರು. ಈಚೆಗೆ ನಾನು ಆ ಕಡೆ ಹೋದಾಗ ಕಂಡದ್ದು ಗಾಜಿನ ಗೋಪುರಗಳು, ಮಾಲುಗಳು, ಅವುಗಳ ಸಂದಿಯಲ್ಲಿ ಒಂದೆರಡು ಇಟ್ಟಿಗೆಯ ಚಿಮಣಿ. ಅಷ್ಟು ಜನ ಅಲ್ಲಿ ನಿಜವಾಗಿಯೂ ಹೇಗೆ ಬದುಕುತ್ತಿದ್ದರು? ಅವರೆಲ್ಲ ಎಲ್ಲಿ ಹೋದರು?
– ಬೆಳಗಾವಿ ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಮ್ಮ ಅಜ್ಜನ ಲೆಕ್ಕ ಸರಿಯಾಗಿದೆ. ಅವರು ಹೇಳದೆ ಬಿಟ್ಟದ್ದು ಒಂದೇ ಮಾತು: ಆ ಹದಿನೆಂಟು ಮಂದಿ ಒಂದೇ ಹೊತ್ತಿಗೆ ಖೋಲಿಯಲ್ಲಿ ಮಲಗಿದವರಲ್ಲ. ಬೆಳಗಿನ ಪಾಳಿಯವರು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಬಂದು ಬೀಳುತ್ತಿದ್ದರು. ಚಾಪೆ ಆರುವುದಕ್ಕೇ ಪುರಸೊತ್ತಿರಲಿಲ್ಲ. ಗಿರಣಿಯ ಭೋಂಗಾ ಕೂಗಿದಾಗ ಯಂತ್ರದ ಮುಂದಿನ ಆಳು ಬದಲಾಗುತ್ತಿದ್ದ ಹಾಗೆಯೇ ಖೋಲಿಯ ನೆಲದ ಮೇಲಿನ ಆಳೂ ಬದಲಾಗುತ್ತಿದ್ದ. ಆ ಊರಿನ ದಟ್ಟಣೆ ಅರ್ಥವಾಗಬೇಕಾದರೆ ಮೊದಲು ಈ ಭೋಂಗಾದ ಸದ್ದು ಕಿವಿಯಲ್ಲಿರಬೇಕು.

ಆ ಭಾಗಕ್ಕೆ ಮರಾಠಿಯಲ್ಲಿ ಗಿರಣಗಾಂವ್ ಎನ್ನುತ್ತಾರೆ, ಗಿರಣಿಗಳ ಊರು. ಅಂಚೆ ವಿಳಾಸದಲ್ಲಾಗಲಿ ನಕಾಶೆಯಲ್ಲಾಗಲಿ ಈ ಹೆಸರಿಲ್ಲ. ಬೈಕಲಾದಿಂದ ಉತ್ತರಕ್ಕೆ ದಾದರಿನವರೆಗೆ, ಪೂರ್ವದ ಶಿವಡಿಯಿಂದ ಪಶ್ಚಿಮದ ವರಳಿಯವರೆಗೆ ಹರಡಿದ ಲಾಲ್‌ಬಾಗ್, ಪರೇಲ್, ಚಿಂಚ್‌ಪೋಕ್ಲಿ, ಕಾಳಾಚೌಕಿ, ಲೋವರ್ ಪರೇಲ್ ಎಲ್ಲ ಸೇರಿದ ಪ್ರದೇಶವದು. ಅಲ್ಲಿನ ಮಾತು ನಮ್ಮ ಬೆಳಗಾವಿ–ಧಾರವಾಡದವರಿಗೆ ಪರಕೀಯವಲ್ಲ. ಗಿರಣಿ, ಪಾಳಿ, ಖಾನಾವಳಿ, ಬದಲಿ, ಉದ್ರಿ ಇವೆಲ್ಲ ನಾವೂ ದಿನಾ ಆಡುವ ಮಾತುಗಳೇ. ನಿಮ್ಮ ಅಜ್ಜ ಹೊಸ ಊರಿಗೆ ಹೋದರೂ ಹೊಸ ಶಬ್ದಕೋಶ ಕಲಿಯಬೇಕಾದ ಪ್ರಮೇಯ ಅಷ್ಟಾಗಿ ಬಂದಿರಲಿಕ್ಕಿಲ್ಲ.

ಮುಂಬಯಿಯ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದವರು ಕಾವಸಜಿ ನಾನಾಭಾಯಿ ದಾವರ್ ಎಂಬ ಪಾರ್ಸಿ ವ್ಯಾಪಾರಿ. ಕಂಪನಿ ಹುಟ್ಟಿದ್ದು 1854ರಲ್ಲಿ. ನೂಲು ತೆಗೆಯಲು ಶುರುವಾದದ್ದು 1856ರಲ್ಲಿ, ತಾಡದೇವದಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿಗೆ ಅಲ್ಲಿನ ಹತ್ತಿ ನಿಂತಿತು. ಆಗ ಎಲ್ಲರ ಕಣ್ಣು ಬಿದ್ದದ್ದು ನಮ್ಮ ನೆಲದ ಮೇಲೆ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ’ ಎಂದಾಯಿತು. ಆ ವರ್ಷಗಳಲ್ಲಿ ಮುಂಬಯಿಯ ದಲಾಲರ ಕೈಗೆ ಹರಿದ ಹಣ ಅಪಾರ. 1865ರಲ್ಲಿ ಪೇಟೆ ಕುಸಿದು ಅನೇಕರು ದಿವಾಳಿಯಾದರು. ಉಳಿದವರು 1870ರ ನಂತರ ಸಾಲುಸಾಲಾಗಿ ಗಿರಣಿ ಕಟ್ಟಿದರು. ಗಿರಣಗಾಂವಿನ ಚಿಮಣಿಗಳ ಬುಡದಲ್ಲಿ ನಮ್ಮ ಕರಿನೆಲದ ರೈತನ ಬೆವರೂ ಇದೆ ಎಂದು ನಾನು ಹೇಳುವುದು ಇದಕ್ಕೇ.

ಗಿರಣಿಗೆ ಹತ್ತಿ ಹೇಗೋ ಹಾಗೆ ಆಳುಗಳೂ ಬೇಕು. ಬಂದವರಲ್ಲಿ ಹೆಚ್ಚಿನವರು ಕೊಂಕಣದ ರತ್ನಾಗಿರಿಯವರು, ಘಟ್ಟದ ಮೇಲಿನ ಸಾತಾರಾ–ಕೊಲ್ಹಾಪುರದವರು. ಅವರ ಜೊತೆಗೆ ನಿಮ್ಮ ಅಜ್ಜನಂಥ ಗಡಿಭಾಗದವರು, ಉತ್ತರ ಭಾರತದ ನೇಕಾರರು, ತೆಲುಗು ಪದ್ಮಶಾಲಿಗಳು. ಕೆಲಸ ಕೊಡುತ್ತಿದ್ದವನು ಕಚೇರಿಯ ಸಾಹೇಬನಲ್ಲ, ಜಾಬರ್ ಎಂಬ ಮೇಸ್ತ್ರಿ. ಆತ ತನ್ನ ಊರಿನವರನ್ನೇ, ತನ್ನ ನಂಟರನ್ನೇ ಕರೆದುಕೊಳ್ಳುತ್ತಿದ್ದ. ಹೀಗಾಗಿ ಒಂದು ಚಾಳಿನ ಒಂದು ಮಜಲಿಗೆ ಹೋದರೆ ಒಂದು ಇಡೀ ತಾಲೂಕಿನವರು ಸಿಗುತ್ತಿದ್ದರು. ಒಂದು ಹಳ್ಳಿಯ ಗಂಡಸರೆಲ್ಲ ಸೇರಿ ಒಂದು ಖೋಲಿ ಹಿಡಿಯುವುದು ವಾಡಿಕೆ. ತಿಂಗಳಿಗಿಷ್ಟು ಎಂದು ಎಲ್ಲರೂ ವಂತಿಗೆ ಹಾಕುವುದು, ಊರಿಂದ ಹೊಸದಾಗಿ ಬಂದ ಹುಡುಗ ಕೆಲಸ ಸಿಗುವವರೆಗೆ ಅಲ್ಲೇ ತಳವೂರುವುದು. ನಿಮ್ಮ ಅಜ್ಜನ ಹದಿನೆಂಟು ಮಂದಿಯ ಖೋಲಿಯೂ ಬಹುಶಃ ಇಂಥದ್ದೇ. ಅದು ಮನೆಯಾಗಿರಲಿಲ್ಲ. ಮುಂಬಯಿಯಲ್ಲಿ ಇಟ್ಟುಕೊಂಡ ಹಳ್ಳಿಯ ಒಂದು ಮೂಲೆಯಾಗಿತ್ತು.

ಇನ್ನು ಚಾಳಿನ ವಿಷಯ. ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 1920ರ ದಶಕದಲ್ಲಿ ಸರಕಾರ ಕಟ್ಟಿಸಿದ ಬಿಡಿಡಿ ಚಾಳುಗಳನ್ನು ಒಳಗೆ ಹೊಕ್ಕು ನೋಡಿದರೆ ವಿನ್ಯಾಸ ತಕ್ಷಣ ತಿಳಿಯುತ್ತದೆ. ನೆಲ ಸೇರಿ ನಾಲ್ಕು ಅಂತಸ್ತು, ನಡುವೆ ಕತ್ತಲಿನ ಓಣಿ, ಅದರ ಎರಡೂ ಬದಿಗೆ ಎದುರುಬದುರು ಬಾಗಿಲುಗಳು, ಒಂದೊಂದು ಕಟ್ಟಡಕ್ಕೆ 80 ಖೋಲಿ, ಒಂದೊಂದು ಖೋಲಿ 160 ಚದರ ಅಡಿ. ಶೌಚಾಲಯ ಮಜಲಿನವರಿಗೆಲ್ಲ ಸೇರಿ. ಖೋಲಿಯೊಳಗೆ ಕಾಲಿಟ್ಟರೆ ಎಡಕ್ಕೆ ಮೊಣಕಾಲೆತ್ತರದ ಕಟ್ಟೆಯ ಮೋರಿ. ಸ್ನಾನವೂ ಅಲ್ಲೇ, ಪಾತ್ರೆಯೂ ಅಲ್ಲೇ. ಪಕ್ಕದಲ್ಲಿ ಒಲೆ. ಗೋಡೆಯ ಉದ್ದಕ್ಕೂ ಗೂಟಗಳು, ಒಂದೊಂದು ಗೂಟ ಒಬ್ಬೊಬ್ಬನದು. ಅಂಗಿ, ಚೀಲ, ಛತ್ರಿ ಎಲ್ಲ ಅದಕ್ಕೇ. ಕೆಳಗೆ ತಗಡಿನ ಟ್ರಂಕುಗಳ ಸಾಲು. ತಲೆಯ ಮೇಲೆ ಹಲಗೆ ಬಡಿದು ಮಾಡಿದ ಅಟ್ಟ, ಅಲ್ಲಿ ಹಾಸಿಗೆಯ ಸುರುಳಿಗಳು, ಕೆಲವೊಮ್ಮೆ ಹೊಸದಾಗಿ ಮದುವೆಯಾದ ಜೋಡಿ. ಖಾಸಗಿ ಚಾಳುಗಳಲ್ಲಿ ಓಣಿಯ ಬದಲು ಹೊರಗೆ ಮರದ ಕಟಾಂಜನದ ಗ್ಯಾಲರಿ. ಸೆಕೆಗಾಲದಲ್ಲಿ ಗಂಡಸರು ಮಲಗುತ್ತಿದ್ದದ್ದು ಆ ಗ್ಯಾಲರಿಯಲ್ಲಿ, ಮೆಟ್ಟಿಲ ಮೇಲೆ, ಫುಟ್‌ಪಾತಿನಲ್ಲಿ, ನಿಲ್ಲಿಸಿಟ್ಟ ಕೈಗಾಡಿಗಳ ಮೇಲೆ.

20ನೇ ಶತಮಾನದ ಆರಂಭದ ಜನಗಣತಿಗಳಲ್ಲಿ ಮುಂಬಯಿಯ ಮೂರರಲ್ಲಿ ಎರಡು ಪಾಲು ಜನ ಒಂದೇ ಕೋಣೆಯ ಮನೆಗಳಲ್ಲಿದ್ದರೆಂದು ದಾಖಲಾಗಿದೆ. ಇದು ಅನಿವಾರ್ಯವಾಗಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಗಿರಣಿಗೆ ಆಳು ಕೂಗಳತೆಯ ದೂರದಲ್ಲಿ ಬೇಕಿತ್ತು, ಆದರೆ ಅವನ ಸಂಸಾರದ ಹೊಣೆ ಬೇಕಿರಲಿಲ್ಲ. ಕೂಲಿಯನ್ನು ಒಬ್ಬ ಗಂಡಸು ಬದುಕುವಷ್ಟೇ ಇಟ್ಟು, ಹೆಂಡತಿ ಮಕ್ಕಳನ್ನು ಊರಿನ ತುಂಡು ಹೊಲ ಸಾಕಲಿ ಎಂಬ ಲೆಕ್ಕ ಅದು. 1896ರಲ್ಲಿ ಪ್ಲೇಗ್ ಬಂದು ಜನ ಊರು ಬಿಟ್ಟು ಓಡಿ ಗಿರಣಿಗಳು ಬಿಕೋ ಎಂದ ಮೇಲೆ, 1898ರಲ್ಲಿ ನಗರ ಸುಧಾರಣೆಗೆಂದು ಒಂದು ಟ್ರಸ್ಟ್ ಆಯಿತು. ಅಲ್ಲಿಯವರೆಗೆ ಈ ಇಕ್ಕಟ್ಟು ಆಳುವವರ ಕಣ್ಣಿಗೆ ಬೀಳಲಿಲ್ಲ.

ಊಟ? ಅದಕ್ಕೆ ಖಾನಾವಳಿ. ಗಂಡ ಗಿರಣಿಯಲ್ಲಿದ್ದು ಕೈಗೆ ಸಾಲದ, ಅಥವಾ ಗಂಡನೇ ಇಲ್ಲದ ಹೆಂಗಸು ತನ್ನದೇ ಖೋಲಿಯಲ್ಲಿ ಹತ್ತಿಪ್ಪತ್ತು ಗಂಡಸರಿಗೆ ಎರಡು ಹೊತ್ತು ಬಡಿಸುತ್ತಿದ್ದಳು. ಮೂರು ಪಾಳಿಗೂ ಅಡುಗೆ ಆಗಬೇಕು, ಅಂದರೆ ಒಲೆ ಆರುವುದೇ ಇಲ್ಲ. ಹಣ ಬರುವುದು ತಿಂಗಳ ಪಗಾರದ ದಿನ, ಕಿರಾಣಿಯವನಿಗೆ ಕೊಡಬೇಕಾದದ್ದು ದಿನವೂ. ನಡುವಿನ ಅಂತರವನ್ನು ತುಂಬುತ್ತಿದ್ದವರು ಬಡ್ಡಿ ಸಾಹುಕಾರರು. ಈ ಹೆಂಗಸರನ್ನು ಒಟ್ಟುಗೂಡಿಸಿ, ಬ್ಯಾಂಕಿನಿಂದ ಸಾಲ ಕೊಡಿಸಿ, ಸಾಹುಕಾರರ ಕೈಯಿಂದ ಬಿಡಿಸಲು ಹೊರಟದ್ದು ಪ್ರೇಮಾ ಪುರವ್ ಅವರು 1975ರಲ್ಲಿ ಕಟ್ಟಿದ ಅನ್ನಪೂರ್ಣಾ ಮಹಿಳಾ ಮಂಡಳ. ಗಿರಣಗಾಂವಿನ ಇತಿಹಾಸ ಬರೆಯುವವರು ಮುಷ್ಕರದ ನಾಯಕರ ಹೆಸರುಗಳನ್ನು ತಪ್ಪದೆ ಬರೆಯುತ್ತಾರೆ, ಅವರಿಗೆ ಅನ್ನ ಹಾಕಿದವರ ಹೆಸರುಗಳನ್ನು ಬಿಡುತ್ತಾರೆ. ಇದು ನನಗೆ ನೋವಿನ ಸಂಗತಿ.

ಆ ಊರಿನ ಒಗ್ಗಟ್ಟಿನ ಬಗ್ಗೆ ಬಹಳ ಕೇಳಿರುತ್ತೀರಿ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಮಗ್ಗದ ಲಾಳಿಯಲ್ಲಿ ನೂಲು ಮುಗಿದಾಗ ನೇಕಾರ ಹೊಸ ಕಂಡಿಕೆ ಹಾಕಿ, ಲಾಳಿಯ ಕಣ್ಣಿಗೆ ಬಾಯಿಟ್ಟು ಎಳೆಯ ತುದಿಯನ್ನು ಉಸಿರಿನಿಂದ ಹೊರಗೆ ಎಳೆದುಕೊಳ್ಳುತ್ತಿದ್ದ. ಒಂದೇ ಲಾಳಿಗೆ ಹಲವರ ಬಾಯಿ ತಾಗುತ್ತಿತ್ತು. ಇದೇ ನೆಪದಲ್ಲಿ ದಲಿತರನ್ನು ನೇಯ್ಗೆ ಖಾತೆಯ ಒಳಗೆ ಬಿಡುತ್ತಿರಲಿಲ್ಲ. ನೇಯ್ಗೆಯಲ್ಲಿ ಕೂಲಿ ಹೆಚ್ಚು, ನೂಲುವ ಖಾತೆಯಲ್ಲಿ ಕಡಿಮೆ. 1928ರಲ್ಲಿ ಆರು ತಿಂಗಳ ಮಹಾ ಮುಷ್ಕರ ನಡೆದಾಗ ಅಂಬೇಡ್ಕರ್ ಈ ಪ್ರಶ್ನೆಯನ್ನು ಮುಷ್ಕರದ ನಾಯಕರ ಮುಂದೆಯೇ ಇಟ್ಟರು. ಅಂಬೇಡ್ಕರರಿಗೆ ಈ ಊರು ಹೊರಗಿನದಲ್ಲ. ಬಾಲ್ಯ ಕಳೆದದ್ದು ಪರೇಲಿನ ಚಾಳಿನಲ್ಲಿ. ಮುಂದೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಮೇಲೂ ವರ್ಷಗಟ್ಟಲೆ ಇದ್ದದ್ದು ಆ ಸುಧಾರಣಾ ಟ್ರಸ್ಟ್ ಅಲ್ಲಿ ಕಟ್ಟಿಸಿದ ಬಿಐಟಿ ಚಾಳಿನ ಎರಡು ಖೋಲಿಗಳಲ್ಲಿ. ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ಪುಸ್ತಕ. 1920ರಲ್ಲಿ ‘ಮೂಕನಾಯಕ’ ಪತ್ರಿಕೆ ಶುರುವಾದಾಗ ಅವರು ಅಲ್ಲಿಯ ನಿವಾಸಿ. ಇನ್ನೊಂದು ಗಾಯವನ್ನೂ ನಾವು ಕನ್ನಡಿಗರು ಮರೆಯುವ ಹಾಗಿಲ್ಲ. 1960ರ ದಶಕದ ಕೊನೆಯಲ್ಲಿ ‘ಮದ್ರಾಸಿ’ಗಳ ವಿರುದ್ಧ ಗದ್ದಲ ಎದ್ದಾಗ ಉಡುಪಿ ಹೋಟೆಲುಗಳ ಗಾಜು ಒಡೆದ ಗುಂಪುಗಳಲ್ಲಿ ಇದೇ ಚಾಳುಗಳ ಹುಡುಗರೂ ಇದ್ದರು.

ಆದರೂ ಅಷ್ಟು ಜನ ಅಷ್ಟು ಒತ್ತಾಗಿ ಬದುಕಿದ್ದರಿಂದಲೇ ಹುಟ್ಟಿದ ಸಂಗತಿಗಳಿವೆ. ಭಾನುವಾರದ ರಜೆ ನಮಗೆ ಕ್ಯಾಲೆಂಡರಿನ ಜೊತೆಗೇ ಬಂದದ್ದು ಎನಿಸುತ್ತದೆಯಲ್ಲವೇ? ಮುಂಬಯಿಯ ಗಿರಣಿ ಕಾರ್ಮಿಕರಿಗೆ ಅದು ದಕ್ಕಿದ್ದು 1890ರಲ್ಲಿ, ಜೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಳ ಕಾಲ ಅರ್ಜಿ, ಸಭೆ ನಡೆಸಿದ ಮೇಲೆ. 1908ರಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾದಾಗ, ವರ್ಷಕ್ಕೊಂದು ದಿನದಂತೆ ಆರು ದಿನ ಗಿರಣಿಗಳು ನಿಂತವು. ಅಣ್ಣಾಭಾವು ಸಾಠೆ, ಅಮರ ಶೇಖ್ ಅವರಂಥ ಶಾಹಿರರ ಡಫಿನ ಸದ್ದು ಚಾಳಿನ ಅಂಗಳದಿಂದ ಇಡೀ ಮಹಾರಾಷ್ಟ್ರಕ್ಕೆ ಹಬ್ಬಿತು. ಯಾರೋ ಬೀದಿಯಲ್ಲಿ ಬಿಟ್ಟುಹೋದ ಎಳೆಗೂಸನ್ನು ಎತ್ತಿಕೊಂಡು ಸಾಕಿದವನು ಗಂಗಾರಾಮ ಸುರ್ವೆ ಎಂಬ ಗಿರಣಿ ಕಾರ್ಮಿಕ. ಆ ಕೂಸೇ ಮರಾಠಿಯ ದೊಡ್ಡ ಕವಿ ನಾರಾಯಣ ಸುರ್ವೆ ಆದದ್ದು. ಈಗ ಟಿವಿಯಲ್ಲಿ ನಾವು ನೋಡುವ ಲಾಲ್‌ಬಾಗ್‌ಚಾ ರಾಜಾ ಗಣಪತಿಯನ್ನು 1934ರಲ್ಲಿ ಕೂರಿಸಿದವರು ಮಾರುಕಟ್ಟೆಯ ಜಾಗ ಕಳೆದುಕೊಂಡಿದ್ದ ಮೀನುಗಾರರು, ಸಣ್ಣ ವ್ಯಾಪಾರಿಗಳು. ಹೊಸ ಜಾಗ ಸಿಗಲಿ ಎಂದು ಹೊತ್ತ ಹರಕೆ ಅದು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಅವರೆಲ್ಲ ಎಲ್ಲಿ ಹೋದರು?

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮಗ್ಗ ನಿಲ್ಲಿಸಿ ಹೊರಗೆ ಬಂದರು. ಬೇಡಿಕೆ ಕೂಲಿ, ಬೋನಸ್ಸು, ವರ್ಷಗಟ್ಟಲೆ ಬದಲಿಯಾಗಿಯೇ ಕೊಳೆಯುತ್ತಿದ್ದವರ ಕಾಯಂ ನೌಕರಿ. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿತ್ತು. 1946ರ ಕಾನೂನಿನ ಪ್ರಕಾರ ಇಡೀ ಮುಂಬಯಿ ಬಟ್ಟೆ ಉದ್ಯಮಕ್ಕೆ ಒಂದೇ ಮಾನ್ಯ ಸಂಘ, ಮಾಲೀಕರು ಮಾತಾಡುವುದು ಅದರ ಜೊತೆ ಮಾತ್ರ. ಕಾರ್ಮಿಕರಿಗೆ ಅದರ ಮೇಲೆ ನಂಬಿಕೆ ಹೋಗಿ ದಶಕಗಳಾಗಿದ್ದವು. ಸರಕಾರ ಜಗ್ಗಲಿಲ್ಲ, ಮಾಲೀಕರಿಗೂ ಅವಸರವಿರಲಿಲ್ಲ. ಭಿವಂಡಿಯ ಪವರ್‌ಲೂಮುಗಳಲ್ಲಿ ಅಗ್ಗವಾಗಿ ನೇಯಿಸಿಕೊಳ್ಳಬಹುದಿತ್ತು. ಹಳೆಯ ಯಂತ್ರಕ್ಕಿಂತ ಅದರ ಕೆಳಗಿನ ಮಣ್ಣಿಗೆ ಬೆಲೆ ಹೆಚ್ಚು ಎಂಬುದೂ ಅವರಿಗೆ ಹೊಳೆಯತೊಡಗಿತ್ತು. ಕೆಲವರು ಊರಿಗೆ ಹೋಗಿ ಹೊಲ ನೋಡಿಕೊಂಡರು, ಕೆಲವರು ತರಕಾರಿ ಮಾರಿದರು. ಟ್ರಂಕಿನಲ್ಲಿದ್ದ ತಾಮ್ರದ ಹಂಡೆ, ಹೆಂಡತಿಯ ಮಂಗಳಸೂತ್ರ ಒಂದೊಂದಾಗಿ ಹೋದವು. ಖಾನಾವಳಿಯ ಹೆಂಗಸರು ತಿಂಗಳುಗಟ್ಟಲೆ ಉದ್ರಿ ಬಡಿಸಿದರು. ಒಂದೂವರೆ ವರ್ಷದ ಮೇಲೆ ಮುಷ್ಕರ ತಾನಾಗಿ ಕರಗಿತು. ಮುಗಿಯಿತೆಂದು ಅಧಿಕೃತವಾಗಿ ಯಾರೂ ಎಂದೂ ಘೋಷಿಸಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲಿಲ್ಲ. ಸಾಮಂತರನ್ನು 1997ರ ಜನವರಿಯಲ್ಲಿ ಹಾಡುಹಗಲೇ ಗುಂಡಿಟ್ಟು ಕೊಂದರು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಗಿರಣಿಯ ಕಾಲದಲ್ಲಿ ಹಡಗು, ಬಸ್ಸು ಹಿಡಿದು ಬಂದವರ ಊರಿಗೆ ರೈಲು ಬರುವ ಹೊತ್ತಿಗೆ, ಅದನ್ನು ಹತ್ತಿ ದುಡಿಯಲು ಬರಲು ಹೆಚ್ಚು ಗಿರಣಿಗಳೇ ಉಳಿದಿರಲಿಲ್ಲ.

ಉಳಿದದ್ದು ನೆಲ. 58 ಗಿರಣಿಗಳ ಸುಮಾರು 600 ಎಕರೆ, ಮುಂಬಯಿಯ ನಟ್ಟನಡುವೆ. 1991ರ ನಿಯಮವೊಂದು ಗಿರಣಿ ಜಾಗ ಮಾರುವುದಾದರೆ ಮೂರು ಪಾಲು ಮಾಡಿ ಎಂದಿತು: ಒಂದು ಪಾಲು ಪಾಲಿಕೆಗೆ, ಉದ್ಯಾನ–ಮೈದಾನಗಳಿಗಾಗಿ, ಒಂದು ಗೃಹನಿರ್ಮಾಣ ಮಂಡಳಿಗೆ, ಸಾಮಾನ್ಯರ ಮನೆಗಳಿಗಾಗಿ, ಒಂದು ಮಾಲೀಕರಿಗೆ. ಒಳ್ಳೆಯ ನಿಯಮ. 2001ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಪಾಲಾಗಬೇಕಾದದ್ದು ಖಾಲಿ ಬಿದ್ದ ಜಾಗ ಮಾತ್ರ, ಕಟ್ಟಡ ನಿಂತ ಜಾಗ ಲೆಕ್ಕಕ್ಕಿಲ್ಲ ಎಂದಾಯಿತು. ಗಿರಣಿಯ ಆವರಣದಲ್ಲಿ ಖಾಲಿ ಜಾಗ ಎಷ್ಟಿರುತ್ತದೆ? ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2006ರಲ್ಲಿ ತಿದ್ದುಪಡಿಯೇ ಊರ್ಜಿತವಾಯಿತು. ನೀವು ಕಂಡ ಗಾಜಿನ ಗೋಪುರಗಳು ಎದ್ದದ್ದು ಹೀಗೆ. ನೂರು ವರ್ಷ ಮೂರು ತಲೆಮಾರು ದುಡಿದು ಬೆಲೆ ತಂದುಕೊಟ್ಟ ನೆಲದಲ್ಲಿ ದುಡಿದವರಿಗೆ ಮೊದಲ ಹಕ್ಕಿತ್ತು. ಅದನ್ನು ಅವರಿಂದ ಕಸಿದುಕೊಳ್ಳಲಾಯಿತು ಎಂದೇ ನಾನು ನಂಬಿದ್ದೇನೆ.

ಗಿರಣಿಗಳು ಹೋದರೂ ಜನಸಂದಣಿ ಹೋಗಲಿಲ್ಲ. ಚಾಳಿನ ಕಾರ್ಮಿಕ ನಡೆದು ಕೆಲಸಕ್ಕೆ ಹೋಗುತ್ತಿದ್ದ. ಈಗಿನ ಕಚೇರಿಗಳ ಲಕ್ಷಾಂತರ ನೌಕರರು ದೂರದ ವಿರಾರ್, ಕಲ್ಯಾಣಗಳಿಂದ ರೈಲಿನಲ್ಲಿ ಬಂದು ಗಿರಣಿಗಳ ಕಾಲದ ನಿಲ್ದಾಣಗಳಲ್ಲೇ ಇಳಿಯುತ್ತಾರೆ. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಮಳೆ ಬಂದು, ಪರೇಲ್ ಮತ್ತು ಆಗಿನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳನ್ನು ಕೂಡಿಸುತ್ತಿದ್ದ ಇಕ್ಕಟ್ಟಾದ ಕಾಲುಸೇತುವೆಯಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು 23 ಮಂದಿ ಸತ್ತರು. ಮೂರು ತಿಂಗಳ ಮೇಲೆ ಹಳೆಯ ಗಿರಣಿ ಆವರಣವೊಂದರ ಮಾಳಿಗೆಯ ಹೋಟೆಲುಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಹದಿನೆಂಟು ಮಂದಿಯ ಖೋಲಿಗೆ ಪಾಳಿ ಎಂಬ ಒಂದು ಕಟ್ಟಾದರೂ ಇತ್ತು. ಈ ಹೊಸ ದಟ್ಟಣೆಗೆ ಯಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಹಾಗೆಂದು ಹಳೆಯ ಜನ ಪೂರ್ತಿ ಮಾಯವಾಗಿಲ್ಲ. ವರಳಿಯ ಬಿಡಿಡಿ ಚಾಳುಗಳನ್ನು ಕೆಡವಿ ಕಟ್ಟಿದ ಗೋಪುರಗಳಲ್ಲಿ 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ ಬೀಗದ ಕೈ ಸಿಕ್ಕಿತು. 160 ಚದರ ಅಡಿಯವರು 500 ಚದರ ಅಡಿಗೆ ಹೋದರು. ಮುಂದಿನ ಸಲ ಹೋದಾಗ ಮಾಲ್ ಬಿಟ್ಟು, ಏಪ್ರಿಲ್–ಮೇ ತಿಂಗಳಲ್ಲಿ ಲಾಲ್‌ಬಾಗಿನ ಮಿರ್ಚಿ ಗಲ್ಲಿಗೆ ಹೋಗಿ. ಚಾಳಿನ ಹೆಂಗಸರು ವರ್ಷದ ಮಸಾಲೆಗೆ ಮೆಣಸಿನಕಾಯಿ ಆರಿಸುತ್ತ ಕೂತಿರುತ್ತಾರೆ. ಬಣ್ಣಕ್ಕೆ ನಮ್ಮ ಬ್ಯಾಡಗಿ, ಖಾರಕ್ಕೆ ನಿಮ್ಮ ಜಿಲ್ಲೆಯದೇ ಹೆಸರಿನ ಸಂಕೇಶ್ವರಿ. ಅಂಗಡಿಯಲ್ಲೇ ಹುರಿಸಿ, ಪಕ್ಕದ ಡಂಕದಲ್ಲಿ ಕುಟ್ಟಿಸುವಾಗ ಕಣ್ಣು ಮೂಗು ಉರಿಯುತ್ತವೆ, ಯಾರೂ ಸಾಲು ಬಿಟ್ಟು ಕದಲುವುದಿಲ್ಲ. ಅಲ್ಲಿಂದ ಸ್ವಲ್ಪ ದೂರಕ್ಕೆ ಕೆಇಎಂ ಮತ್ತು ಟಾಟಾ ಆಸ್ಪತ್ರೆ. ಅವುಗಳ ಹೊರಗಿನ ಫುಟ್‌ಪಾತಿನಲ್ಲಿ ಚಾಪೆ ಹಾಸಿ ತಿಂಗಳುಗಟ್ಟಲೆ ಕಾಯುವ ರೋಗಿಗಳ ಸಂಬಂಧಿಕರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇರುತ್ತಾರೆ. ಮಾತಾಡಿಸಿ ಬನ್ನಿ.

ಕೊನೆಗೆ ನಿಮಗೆ ಸಂಬಂಧಿಸಿದ ಒಂದು ವಿಷಯ. 1982ರ ಜನವರಿ 1ರಂದು ಅಥವಾ ಅದರ ನಂತರ ಗಿರಣಿಯ ಹಾಜರಿ ಪಟ್ಟಿಯಲ್ಲಿದ್ದ ಕಾರ್ಮಿಕರಿಗೆ, ಅವರು ತೀರಿಕೊಂಡಿದ್ದರೆ ವಾರಸುದಾರರಿಗೆ, ಗೃಹನಿರ್ಮಾಣ ಮಂಡಳಿಯ ಮನೆಗಳನ್ನು ಲಾಟರಿ ಮೂಲಕ ಕೊಡುವ ಯೋಜನೆ ಇದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿವೆ, ಸಿಕ್ಕ ಮನೆಗಳು ಕೆಲವೇ ಸಾವಿರ. ಆದರೆ ಅರ್ಹತೆ ತೋರಿಸಲು ಗಿರಣಿಯ ಟಿಕೆಟ್ ನಂಬರು, ಪಗಾರ ಚೀಟಿ, ಭವಿಷ್ಯನಿಧಿಯ ಕಾಗದದಂಥ ದಾಖಲೆ ಬೇಕು. ಅಜ್ಜನ ತಗಡಿನ ಟ್ರಂಕು ಇನ್ನೂ ಮನೆಯಲ್ಲಿದ್ದರೆ ತೆಗೆದು ನೋಡಿ. ಹಳದಿ ಬಿದ್ದ ಒಂದು ಚೀಟಿ ಸಿಕ್ಕರೂ ಬಿಸಾಡಬೇಡಿ.